ಹಳ್ಳಿ ಗಾಳಿ, ಪೇಟೆ ಆಸ್ಪತ್ರೆ: ಆಯಸ್ಸು ಎಲ್ಲಿ ಜಾಸ್ತಿ?

ಪ್ರಶ್ನೆ: ಸರ್, ನಮ್ಮದು ಪಾಂಡವಪುರದ ಹತ್ತಿರ ಒಂದು ಊರು. ಮಗ ಮೈಸೂರಿನ ಕುವೆಂಪುನಗರದಲ್ಲಿ ಮನೆ ಮಾಡಿದ್ದಾನೆ, ಬಂದು ಜೊತೆಗಿರಿ ಅಂತ ಕರೆಯುತ್ತಾನೆ. ನಾನು ಒಲ್ಲೆ ಅಂತೀನಿ. ಪೇಟೆಯ ಹೊಗೆ, ಧೂಳು, ಬಿಪಿ, ಶುಗರು ಯಾರಿಗೆ ಬೇಕು? ನಮ್ಮಜ್ಜಿ ಮುದ್ದೆ ಉಂಡುಕೊಂಡು ತೊಂಬತ್ತು ದಾಟಿಸಿದರು. ಮಗ ಮಾತ್ರ ಮೊಬೈಲಿನಲ್ಲಿ ತೋರಿಸುತ್ತಾನೆ, ಹಳ್ಳಿಯಲ್ಲೇ ಸಾವು ಜಾಸ್ತಿಯಂತೆ. ಇದು ಹೇಗೆ? ಮೊದಲಿನಿಂದಲೂ ಹೀಗೇನಾ?
(ಹೆಸರು ಹಾಕಬೇಡಿ ಎಂದಿದ್ದಾರೆ)

ಉತ್ತರ: ಅಪ್ಪ ಮಗನ ಮಾತಿನ ಮಧ್ಯೆ ನಾನು ತಲೆ ಹಾಕಬಾರದು, ಆದರೂ ನೀವೇ ಕೇಳಿದ್ದೀರಿ. ನಿಮ್ಮ ಮಾತು ಒಂದು ಕಾಲಕ್ಕೆ ನಿಜವಾಗಿತ್ತು. ಮಗನ ಮಾತು ಈಗ ನಿಜ.

ಅಜ್ಜಿಯ ಲೆಕ್ಕ ಮಾತ್ರ ಪಕ್ಕಕ್ಕಿಡಿ. ತೊಂಬತ್ತು ದಾಟಿದ ಅಜ್ಜಿ ಎಲ್ಲರಿಗೂ ನೆನಪಿರುತ್ತಾರೆ. ಆ ಅಜ್ಜಿ ಎಷ್ಟು ಹೆತ್ತರು, ಎಷ್ಟು ಉಳಿದವು ಅಂತ ಮನೆಯ ಹಿರಿಯರನ್ನು ಒಂದು ಸಲ ಕೇಳಿ ನೋಡಿ. ನಮ್ಮ ಮನೆಯಲ್ಲಿ ಕೇಳಿದಾಗ ಅಮ್ಮ ಬೆರಳು ಮಡಿಸುತ್ತಾ ಹೋದರು, ಮಧ್ಯೆ ಮಧ್ಯೆ "ಅದೊಂದು ಹೋಯ್ತು" ಅಂದರು, ಹೆಸರೂ ಹೇಳಲಿಲ್ಲ, ಯಾಕೆಂದರೆ ನಾಮಕರಣದವರೆಗೂ ಆ ಕೂಸುಗಳು ಬದುಕಿರಲಿಲ್ಲ. ಹಳೇ ಕಾಲದಲ್ಲಿ ಸಾವು ಅಂದರೆ ಮುದುಕರದ್ದಷ್ಟೇ ಅಲ್ಲ, ಮಕ್ಕಳದ್ದೂ ಅಷ್ಟೇ ಜಾಸ್ತಿ.

ಈಗ ಪೇಟೆಯ ಕಥೆಗೆ ಬರೋಣ. ಲಂಡನ್ನಿನಲ್ಲಿ ಜಾನ್ ಗ್ರಾಂಟ್ ಅಂತ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅಲ್ಲಿನ ಚರ್ಚುಗಳು ವಾರವಾರ ಇಡುತ್ತಿದ್ದ ಸಾವಿನ ಪಟ್ಟಿಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಕೂತು 1662ರಲ್ಲಿ ಒಂದು ಪುಸ್ತಕ ಬರೆದ. ಲಂಡನ್ನಿನಲ್ಲಿ ಹುಟ್ಟುವವರಿಗಿಂತ ಹೂಳುವವರು ಜಾಸ್ತಿ, ಹಾಗಿದ್ದೂ ಊರು ಬೆಳೆಯುತ್ತಿದೆ ಅಂದರೆ ಹಳ್ಳಿಯಿಂದ ಬರುವವರು ತುಂಬಿಕೊಡುತ್ತಿದ್ದಾರೆ ಅಂತ ಅವನು ಲೆಕ್ಕ ಹಾಕಿ ತೋರಿಸಿದ. ಕಾರ್ಖಾನೆಗಳು ಬಂದ ಮೇಲೆ ಪೇಟೆಯ ಪಾಡು ಇನ್ನೂ ಕೆಟ್ಟಿತು. 1842ರಲ್ಲಿ ಎಡ್ವಿನ್ ಚಾಡ್ವಿಕ್ ಅನ್ನೋ ಇಂಗ್ಲೆಂಡಿನ ಅಧಿಕಾರಿ ಕೊಟ್ಟ ವರದಿ ನೋಡಿ: ಮ್ಯಾಂಚೆಸ್ಟರ್ ಪೇಟೆಯಲ್ಲಿ ಕೂಲಿ ಜನ ಸಾಯುವ ಸರಾಸರಿ ವಯಸ್ಸು 17. ರಟ್‌ಲ್ಯಾಂಡ್ ಅನ್ನೋ ಹಳ್ಳಿಗಾಡಿನಲ್ಲಿ 38. ಮ್ಯಾಂಚೆಸ್ಟರಿನ ದೊಡ್ಡ ಮನೆಯವರದ್ದೂ 38! ಅಂದರೆ ಪೇಟೆಯ ಸಾಹುಕಾರ, ಹಳ್ಳಿಯ ಕೂಲಿಯವನು ಇಬ್ಬರೂ ಒಂದೇ ಲೆಕ್ಕ. (17 ಅಂದ ಮಾತ್ರಕ್ಕೆ ಎಲ್ಲರೂ ಹದಿನೇಳಕ್ಕೇ ಹೋದರು ಅಂತಲ್ಲ. ಕೂಲಿಯವರ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಐದು ತುಂಬುವ ಮೊದಲೇ ಹೋಗುತ್ತಿದ್ದವು, ಸರಾಸರಿ ಅದರಿಂದ ಕೆಳಗಿಳಿಯಿತು.)

ಕಾರಣ ಹೊಗೆಗಿಂತ ಹೆಚ್ಚಾಗಿ ನೀರು. ಕುಡಿಯುವ ನೀರು, ಕಕ್ಕಸಿನ ನೀರು ಎರಡೂ ಒಂದಾಗಿದ್ದವು. ಕಾಲರಾ ಬಂದರೆ ಬೀದಿಗೆ ಬೀದಿಯೇ ಖಾಲಿ. 1854ರಲ್ಲಿ ಜಾನ್ ಸ್ನೋ ಅನ್ನೋ ಡಾಕ್ಟರು ಲಂಡನ್ನಿನ ಒಂದು ಬೀದಿಯ ಕೈಪಂಪಿನ ಸುತ್ತ ಸತ್ತವರ ವಿಚಾರ ಕಲೆಹಾಕಿ, ಆ ಪಂಪಿನ ಹಿಡಿ ಕೀಳಿಸಿದರು, ಸತ್ತವರ ಮನೆಗಳನ್ನು ಆಮೇಲೆ ನಕ್ಷೆಯಲ್ಲಿ ಗುರುತು ಹಾಕಿ ತೋರಿಸಿದರು. ಆಮೇಲೆ ನಿಧಾನಕ್ಕೆ ಒಳಚರಂಡಿ ಬಂತು, ಶೋಧಿಸಿದ ನೀರು ಬಂತು, ಪೇಟೆಯ ಸಾವು ಇಳಿಯಿತು.

ನಮ್ಮ ಮೈಸೂರಿಗೂ ಇಂಥದ್ದೇ ಏಟು ಬಿದ್ದಿದೆ, ಪ್ಲೇಗಿನ ರೂಪದಲ್ಲಿ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರಲ್ಲಿ ರೈಲು ಹತ್ತಿ ಬೆಂಗಳೂರಿಗೆ ಬಂತು, ಮೈಸೂರನ್ನೂ ಬಿಡಲಿಲ್ಲ. ಇಲಿ ಸತ್ತು ಬಿತ್ತು ಅಂದರೆ ಸಾಕು, ಜನ ಪಾತ್ರೆ ಪಡಗ ಹೊತ್ತು ಊರ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಆ ಭಯದ ಫಲ ಇವತ್ತಿಗೂ ಕಾಣಿಸುತ್ತದೆ. ಮಗನ ಮನೆಗೆ ಬಂದಾಗ ಒಂದು ಸಂಜೆ ಲಕ್ಷ್ಮೀಪುರಂ ಕಡೆ ನಡೆದು ಹೋಗಿ. ಹಳೇ ಮನೆಗಳ ಸಾಲಿನ ಹಿಂದೆ ಒಂದು ಓಣಿ ಸಿಗುತ್ತದೆ, ಎರಡು ಕಡೆಯ ಹಿತ್ತಿಲ ಬಾಗಿಲೂ ಅದಕ್ಕೇ ತೆರೆದುಕೊಳ್ಳುತ್ತವೆ. ಮೈಸೂರಿನವರು ಅದನ್ನು ಕನ್ಸರ್ವೆನ್ಸಿ ಅಂತಾರೆ. ಮನೆಯ ಕಕ್ಕಸು, ಕಸ ಮುಂಬಾಗಿಲಿಗೆ ಬರದೆ ಹಿಂದಿನಿಂದಲೇ ಹೋಗಲಿ ಅಂತ ಬಿಟ್ಟ ಜಾಗ. ಈಗ ಅಲ್ಲಿ ಸ್ಕೂಟರ್ ನಿಂತಿರುತ್ತದೆ, ಬಟ್ಟೆ ಒಣಗುತ್ತಿರುತ್ತದೆ, ಒಂದೆರಡು ಬೆಕ್ಕು. 1903ರಲ್ಲಿ ಮೈಸೂರಿನಲ್ಲಿ ನಗರ ಸುಧಾರಣಾ ಮಂಡಳಿ ಶುರುವಾಯಿತು, ಕಿಕ್ಕಿರಿದ ಕೇರಿಗಳನ್ನು ಬಿಡಿಸಿ ಅಗಲವಾದ ಬೀದಿ, ಗಾಳಿ ಬೆಳಕಿನ ಬಡಾವಣೆ ಮಾಡುವುದೇ ಅದರ ಕೆಲಸ. ನಾವು ಮೈಸೂರು ಎಷ್ಟು ಚಂದದ ಊರು ಅಂತ ಹೊಗಳುತ್ತೀವಲ್ಲ, ಆ ಚಂದದಲ್ಲಿ ಅರ್ಧ ಪ್ಲೇಗಿಗೆ ಹೆದರಿ ಮಾಡಿದ್ದು. ಆ ಓಣಿ ಗುಡಿಸಿದವರು, ಮಲ ಹೊತ್ತವರು ಯಾರು, ಅವರ ಆಯಸ್ಸು ಎಷ್ಟಿತ್ತು ಅನ್ನೋದನ್ನು ಹೊಗಳುವಾಗ ಮರೆತುಬಿಡುತ್ತೇವೆ, ಅದು ಬೇರೆ.

ಹಾಗಂತ ಹಳ್ಳಿಯೇನು ಸ್ವರ್ಗವಾಗಿರಲಿಲ್ಲ. ನಿಮ್ಮ ಕಡೆಯದೇ ಉದಾಹರಣೆ. ಕನ್ನಂಬಾಡಿ ಕಟ್ಟೆಯ ನೀರು ವಿ.ಸಿ. ನಾಲೆಯಲ್ಲಿ ಹರಿದು ಮಂಡ್ಯದ ಒಣಭೂಮಿಗೆ ಬಂದಾಗ ಭತ್ತ ಬಂತು, ಕಬ್ಬು ಬಂತು, ಜೊತೆಗೇ ಮಲೇರಿಯಾನೂ ಬಂತು. ನೀರು ನಿಂತಲ್ಲಿ ಸೊಳ್ಳೆ. ಚಳಿಜ್ವರದಲ್ಲಿ ಮನೆಮಂದಿಯೆಲ್ಲ ಕಂಬಳಿ ಹೊದ್ದು ಮಲಗಿದರೆ ನಾಟಿಗೆ ಆಳೇ ಇಲ್ಲ. ಎಷ್ಟೋ ಸಾವು ಶಾನುಭೋಗರ ಪುಸ್ತಕಕ್ಕೂ ಹತ್ತುತ್ತಿರಲಿಲ್ಲ. ಆದ್ದರಿಂದ ಹಿಂದೆ ಹಳ್ಳಿಯಲ್ಲಿ ಸಾವು ಕಮ್ಮಿ ಇತ್ತು ಅನ್ನುವಾಗ, ಕಮ್ಮಿ ಇತ್ತೋ ಕಮ್ಮಿ ಬರೆದರೋ ಅಂತ ನನಗೆ ಯಾವಾಗಲೂ ಅನುಮಾನ.

ಸರಿಯಾದ ಲೆಕ್ಕ ಸಿಗುವುದು 1970ರ ಹೊತ್ತಿಗೆ, ಮಾದರಿ ನೋಂದಣಿ ಪದ್ಧತಿ ಬಂದ ಮೇಲೆ. ದೇಶದಲ್ಲಿ ಕೆಲವು ಹಳ್ಳಿ, ಕೆಲವು ಬೀದಿ ಆರಿಸಿಕೊಂಡು ಅಲ್ಲಿನ ಹುಟ್ಟು ಸಾವನ್ನು ಸ್ಥಳೀಯರೊಬ್ಬರು ಬರೆಯುತ್ತಾ ಹೋಗುತ್ತಾರೆ, ಆರು ತಿಂಗಳಿಗೊಮ್ಮೆ ಬೇರೆಯವರು ಬಂದು ಮನೆಮನೆ ಕೇಳಿ ತಾಳೆ ನೋಡುತ್ತಾರೆ. ಅದರ ಪ್ರಕಾರ 1971ರಲ್ಲಿ ದೇಶದ ಹಳ್ಳಿಗಳಲ್ಲಿ ಸಾವಿರ ಜನಕ್ಕೆ ವರ್ಷಕ್ಕೆ 16.4 ಸಾವು, ಪೇಟೆಯಲ್ಲಿ 9.7. 2020ರಲ್ಲಿ ಹಳ್ಳಿಯಲ್ಲಿ 6.4, ಪೇಟೆಯಲ್ಲಿ 5.1. ಒಂದು ವರ್ಷದೊಳಗಿನ ಕೂಸುಗಳ ಲೆಕ್ಕ ಕೇಳಿದರೆ ಎದೆ ಝಲ್ ಅನ್ನುತ್ತದೆ: 1971ರಲ್ಲಿ ಸಾವಿರ ಹುಟ್ಟಿದರೆ ಹಳ್ಳಿಯಲ್ಲಿ 138, ಪೇಟೆಯಲ್ಲಿ 82 ಹೋಗುತ್ತಿದ್ದವು. 2020ಕ್ಕೆ ಅದು 31 ಮತ್ತು 19. ಲಸಿಕೆ, ಓಆರ್‌ಎಸ್, ಆಸ್ಪತ್ರೆಯಲ್ಲಿ ಹೆರಿಗೆ, ಬೋರ್‌ವೆಲ್, ಆಶಾ ಕಾರ್ಯಕರ್ತೆಯರು, 108 ಆಂಬುಲೆನ್ಸ್, ಎಲ್ಲ ಸೇರಿ.

ಇಲ್ಲಿ ನಿಮ್ಮ ಪರವಾಗಿ ಒಂದು ಮಾತು ಹೇಳಲೇಬೇಕು. ಸಾವಿರಕ್ಕೆ ಎಷ್ಟು ಅನ್ನೋ ಲೆಕ್ಕ ಹಳ್ಳಿಗೆ ಸ್ವಲ್ಪ ಮೋಸ ಮಾಡುತ್ತದೆ. ನಿಮ್ಮ ಮನೆಯನ್ನೇ ನೋಡಿ. ಮಗ ಸೊಸೆ ಮೈಸೂರಿನಲ್ಲಿ, ನೀವಿಬ್ಬರೇ ಊರಲ್ಲಿ. ಬೀದಿಯಲ್ಲಿ ಎಷ್ಟು ಮನೆ ಹೀಗಿವೆ? ವಯಸ್ಸಾದವರೇ ಉಳಿದ ಊರಲ್ಲಿ ಸಾವು ಜಾಸ್ತಿ ಆಗದೆ ಇರುತ್ತಾ? ಇದೇ ಕಾರಣಕ್ಕೆ 2020ರಲ್ಲಿ ವಯಸ್ಸಾದವರು ಜಾಸ್ತಿ ಇರುವ ಕೇರಳದ ಸಾವಿನ ಪ್ರಮಾಣ 7.0, ಬಿಹಾರದ್ದು 5.4. ಇದನ್ನು ನೋಡಿ ಬಿಹಾರಕ್ಕೆ ಗಂಟುಮೂಟೆ ಕಟ್ಟಿದವರನ್ನು ನಾನು ಕಂಡಿಲ್ಲ. ಕೂಸುಗಳ ಸಾವು ಕೇರಳದಲ್ಲಿ ಸಾವಿರಕ್ಕೆ 6, ಬಿಹಾರದಲ್ಲಿ 27.

ವಯಸ್ಸಿನ ಈ ಗೊಂದಲ ತೆಗೆಯಬೇಕಾದರೆ ಆಯಸ್ಸಿನ ಲೆಕ್ಕ ನೋಡಬೇಕು, ಅಂದರೆ ಈಗ ಹುಟ್ಟಿದ ಮಗು ಸರಾಸರಿ ಎಷ್ಟು ವರ್ಷ ಬದುಕೀತು ಅಂತ. 1970–75ರಲ್ಲಿ ಹಳ್ಳಿಯಲ್ಲಿ 48.0 ವರ್ಷ, ಪೇಟೆಯಲ್ಲಿ 58.9. ಹನ್ನೊಂದು ವರ್ಷದ ಅಂತರ. 2015–19ರಲ್ಲಿ 68.3 ಮತ್ತು 73.0. ಅಂತರ ಅರ್ಧಕ್ಕಿಂತ ಕಮ್ಮಿಯಾಗಿದೆ, ಆದರೆ ಹೋಗಿಲ್ಲ.

ಶುಗರು ಪೇಟೆಯ ಕಾಯಿಲೆ ಅಂದಿರಿ, ಅದು ಸರಿಯೇ. 2023ರಲ್ಲಿ ಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದಲ್ಲಿ ಪೇಟೆಯ ದೊಡ್ಡವರಲ್ಲಿ ನೂರಕ್ಕೆ 16.4 ಜನಕ್ಕೆ ಸಕ್ಕರೆ ಕಾಯಿಲೆ, ಹಳ್ಳಿಯಲ್ಲಿ 8.9. ಆದರೆ ಭಾರತವೂ ಸೇರಿದಂತೆ 17 ದೇಶಗಳಲ್ಲಿ ನಡೆದ ಇನ್ನೊಂದು ಅಧ್ಯಯನ 2014ರಲ್ಲಿ ವಿಚಿತ್ರವಾದ ಸಂಗತಿ ಹೇಳಿತು. ಬಿಪಿ, ಕೊಬ್ಬು, ಶುಗರಿನಂಥ ಅಪಾಯಗಳು ಪೇಟೆಯವರಲ್ಲೇ ಜಾಸ್ತಿ, ಹೃದಯಾಘಾತ, ಪಾರ್ಶ್ವವಾಯು ಆಗುವುದು ಹಳ್ಳಿಯವರಿಗೇ ಜಾಸ್ತಿ, ಆದ ಮೇಲೆ ಸಾಯುವವರೂ ಹಳ್ಳಿಯವರೇ ಜಾಸ್ತಿ.

ಇದು ಹೇಗೆ ಅನ್ನೋದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ಸೋದರಮಾವ ಇದ್ದದ್ದು ನಾಗಮಂಗಲ ಕಡೆ. ಒಂದು ದಿನ ಬೆಳಗಿನ ಜಾವ ಐದಕ್ಕೆ ಎದೆ ಹಿಡಿದುಕೊಂಡಿತು. ಗ್ಯಾಸ್ಟ್ರಿಕ್ ಅಂದುಕೊಂಡರು. ಅತ್ತೆ ಜೀರಿಗೆ ಕಷಾಯ ಕೊಟ್ಟರು, ಪಕ್ಕದ ಮನೆಯವರು ಇನೋ ತಂದರು. ಅದೇ ನೋವಿನಲ್ಲಿ ಮಾವ ಹಸು ಕರೆದು, ಕ್ಯಾನು ಹಿಡಿದು ಡೈರಿಗೆ ಹಾಲು ಹಾಕಿ ಬಂದರು. ಏಳೂವರೆಗೆ ಬೆವರು ಕಿತ್ತುಕೊಂಡು ಬಂತು. ಕಾರು ಹುಡುಕಿ ಹತ್ತಿರದ ಊರಿನ ಒಂದು ಸಣ್ಣ ಆಸ್ಪತ್ರೆಗೆ ಹೋದರೆ ಇಸಿಜಿ ಮಿಷನ್ನಿಗೆ ಪೇಪರ್ ಇಲ್ಲ, ಮೈಸೂರಿಗೆ ಹೋಗಿ ಅಂದರು. ಮೈಸೂರು ಸೇರಿದಾಗ ಹತ್ತು ದಾಟಿತ್ತು. ಡಾಕ್ಟರು ಕೇಳಿದ ಮೊದಲ ಮಾತು, "ನೋವು ಶುರುವಾಗಿ ಎಷ್ಟೊತ್ತಾಯ್ತು?" ನಾನು ಐದು ಗಂಟೆ ಅಂದೆ. ಐದು ಗಂಟೆಗೆ ಶುರುವಾಯಿತು ಅಂತ ನನ್ನ ಮನಸ್ಸಿನಲ್ಲಿತ್ತು, ಐದು ಗಂಟೆ ಹೊತ್ತಾಗಿದೆ ಅಂತ ಅವರು ತಿಳಿದುಕೊಂಡರು. ಎರಡೂ ಸರಿಯೇ ಆಗಿತ್ತು. ಮಾವ ಅವತ್ತು ಮಧ್ಯಾಹ್ನ ಹೋದರು.

ಊರು ಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ಎದೆ ನೋವು ಬಂದರೆ ಮೊದಲು 108, ಆಮೇಲೆ ಕಷಾಯ. ಬಿಪಿ, ಶುಗರು ಪೇಟೆಯವರಿಗೆ ಅಂತ ಬಿಡದೆ ಆರು ತಿಂಗಳಿಗೊಮ್ಮೆ ನೋಡಿಸಿಕೊಳ್ಳಿ. ಇಸಿಜಿ ಎಲ್ಲಿ ಮಾಡುತ್ತಾರೆ, ರಾತ್ರಿ ಹೊತ್ತು ಯಾರ ಕಾರು ಸಿಗುತ್ತದೆ ಅನ್ನೋದನ್ನು ಈಗಲೇ ವಿಚಾರಿಸಿಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ತಂದೆಯ ಮರಣ ಪ್ರಮಾಣಪತ್ರಕ್ಕೆ ಮೈಸೂರಿನಲ್ಲಿ ಸಾಲಿನಲ್ಲಿ ನಿಂತಿದ್ದೆ. ಹಿಂದೆ ಮುಂದೆ ಇದ್ದವರೆಲ್ಲ ಮಂಡ್ಯ, ಚಾಮರಾಜನಗರ, ಎಚ್.ಡಿ. ಕೋಟೆ ಕಡೆಯವರೇ. ಹಾಗಾದರೆ ಇವೆಲ್ಲ ಮೈಸೂರಿನ ಸಾವುಗಳಾ?
(ಸರಸ್ವತೀಪುರಂ ಓದುಗರು)

ಉತ್ತರ: ಚೆನ್ನಾಗಿ ಗಮನಿಸಿದ್ದೀರಿ. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಸಾವು ಎಲ್ಲಾಯಿತೋ ಅಲ್ಲೇ ನೋಂದಣಿ, ಅದಕ್ಕೆ 21 ದಿನದ ಗಡುವು. ಮೇಲೆ ಹೇಳಿದ ನಮ್ಮ ಮಾವನ ಪತ್ರದಲ್ಲಿ ಸತ್ತ ಜಾಗ ಮೈಸೂರು ಅಂತಲೇ ಇದೆ. ಹುಟ್ಟಿದ್ದು, ಬೆಳೆದದ್ದು, ಎದೆ ನೋವು ಬಂದದ್ದು ಎಲ್ಲಾ ಹಳ್ಳಿಯಲ್ಲಿ, ಲೆಕ್ಕ ಮಾತ್ರ ಪೇಟೆಗೆ. ಸುತ್ತಲಿನ ಜಿಲ್ಲೆಗಳ ರೋಗಿಗಳೆಲ್ಲ ಕೆ.ಆರ್. ಆಸ್ಪತ್ರೆ, ಜಯದೇವ ಅಂತ ಬರುವ ಊರಲ್ಲಿ ನೋಂದಣಿ ಪುಸ್ತಕ ಮಾತ್ರ ನೋಡಿದರೆ ಮೈಸೂರಿನವರು ದಂಡಿಯಾಗಿ ಸಾಯುತ್ತಿದ್ದಾರೆ ಅನ್ನಿಸುತ್ತದೆ. ಉಲ್ಟಾನೂ ಇದೆ, ಡಾಕ್ಟರು ಕೈಚೆಲ್ಲಿದ ಮೇಲೆ ಕೊನೆಗಾಲಕ್ಕೆ ಊರಿಗೇ ಕರೆದುಕೊಂಡು ಹೋಗುವವರು ಎಷ್ಟು ಮಂದಿ! ಅದಕ್ಕೇ ನಾನು ಮಾದರಿ ನೋಂದಣಿಯ ಅಂಕಿಗಳನ್ನು ಕೊಟ್ಟದ್ದು. ಅದರಲ್ಲಿ ಸತ್ತ ಜಾಗ ಲೆಕ್ಕಕ್ಕಿಲ್ಲ, ವಾಸ ಎಲ್ಲಿತ್ತು ಅನ್ನೋದಷ್ಟೇ ಲೆಕ್ಕ.

ಪ್ರಶ್ನೆ: ಅಮೆರಿಕದಂಥ ಶ್ರೀಮಂತ ದೇಶದಲ್ಲಿ ಈ ವ್ಯತ್ಯಾಸ ಇರಲಿಕ್ಕಿಲ್ಲ ಅಲ್ವಾ?
(ಮದ್ದೂರು ಓದುಗರು)

ಉತ್ತರ: ಇದೆ, ಬೆಳೆಯುತ್ತಲೂ ಇದೆ. ವಯಸ್ಸಿನ ವ್ಯತ್ಯಾಸ ಸರಿಹೊಂದಿಸಿ ನೋಡಿದರೂ 1999ರಲ್ಲಿ ಅಲ್ಲಿನ ಹಳ್ಳಿಗಾಡಿನ ಸಾವಿನ ಪ್ರಮಾಣ ಪೇಟೆಗಿಂತ ನೂರಕ್ಕೆ 7ರಷ್ಟು ಜಾಸ್ತಿ ಇತ್ತು, 2019ಕ್ಕೆ 20ರಷ್ಟು ಜಾಸ್ತಿ. ಪೇಟೆಯ ಸಾವು ಬೇಗ ಬೇಗ ಇಳಿಯಿತು, ಹಳ್ಳಿಯದ್ದು ಹಿಂದೆ ಉಳಿಯಿತು.

ಪ್ರಶ್ನೆ: ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿ ಸಾಯುವವರನ್ನು ಯಾರಾದರೂ ಲೆಕ್ಕ ಹಾಕುತ್ತಾರಾ?
(ಮಳವಳ್ಳಿ ತಾಲ್ಲೂಕಿನ ರೈತರು)

ಉತ್ತರ: ಬಹಳ ಕಾಲ ಸರಿಯಾಗಿ ಹಾಕಲಿಲ್ಲ. ಆಸ್ಪತ್ರೆ ಮುಟ್ಟುವ ಮೊದಲೇ ಹೋದವರು ಆಸ್ಪತ್ರೆ ಪುಸ್ತಕದಲ್ಲಿ ಎಲ್ಲಿ ಸಿಗುತ್ತಾರೆ? ಆಮೇಲೆ ಮನೆಮನೆಗೆ ಹೋಗಿ, ಸತ್ತವರ ಕಡೆಯವರನ್ನು ಕೇಳಿ ಕಾರಣ ಹುಡುಕುವ ಅಧ್ಯಯನ ನಡೆದಾಗ 2000ದಿಂದ 2019ರವರೆಗೆ ದೇಶದಲ್ಲಿ ಸುಮಾರು 12 ಲಕ್ಷ ಜನ, ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆ ಅಂತ ಅಂದಾಜಾಯಿತು. ಬಹುಪಾಲು ಹಳ್ಳಿಯವರೇ. ನಮ್ಮ ರಾಜ್ಯದಲ್ಲಿ 2024ರಿಂದ ಹಾವು ಕಡಿತ ಅಧಿಸೂಚಿತ ಕಾಯಿಲೆ, ಅಂದರೆ ಆಸ್ಪತ್ರೆಗಳು ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ತಿಳಿಸಬೇಕು. ಕೊಳಕುಮಂಡಲ ಕಚ್ಚಿದಾಗ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ನಾಟಿ ಔಷಧಿಗೆ ಅಂತ ಅಲೆದಾಡುವುದು ಬೇಡ. ಕಾಲು ಅಲ್ಲಾಡಿಸದೆ ಮಲಗಿಸಿಕೊಂಡು ನೇರ ಆಸ್ಪತ್ರೆಗೆ ಹೋಗಿ, ಹೊರಡುವ ಮೊದಲೇ ಫೋನು ಮಾಡಿ ವಿಷನಿರೋಧಕ ಇಂಜೆಕ್ಷನ್ ಇದೆಯಾ ಅಂತ ಕೇಳಿ.