ಹೊಂಡಕ್ಕೆ ಬೇಲಿ ಇಲ್ಲ, ಏನು ಮಾಡಲಿ?

ಪ್ರಶ್ನೆ: ಪಕ್ಕದ ಹೊಲದ ಕೃಷಿ ಹೊಂಡದಲ್ಲಿ ಹೋದ ವರ್ಷ ನಾಲ್ಕು ವರ್ಷದ ಹುಡುಗ ಮುಳುಗಿ ತೀರಿಕೊಂಡ. ತಾಯಿ ಅಲ್ಲೇ ತೊಗರಿಯಲ್ಲಿ ಕಸ ತೆಗೆಯುತ್ತಿದ್ದಳು. ಕೆಲವರು ಹಣೆಬರಹ ಅಂತಾರೆ, ಕೆಲವರು ಅವಳನ್ನೇ ಬೈತಾರೆ. ನಮ್ಮ ಹೊಂಡಕ್ಕೂ ಬೇಲಿ ಇಲ್ಲ. ಏನು ಮಾಡಲಿ?
— ರೈತ ಮಹಿಳೆ, ಶಹಾಪುರ ತಾಲೂಕು, ಯಾದಗಿರಿ

ಉತ್ತರ: ಅಕ್ಕಾವ್ರೆ, ಮೊದಲು ಆ ತಾಯಿಯನ್ನು ಬೈಯುವುದು ನಿಲ್ಲಬೇಕು. ಮಗು ಮುಳುಗುವಾಗ ಸದ್ದೇ ಆಗುವುದಿಲ್ಲ, ಕೂಗಲು ಉಸಿರೇ ಇರುವುದಿಲ್ಲ. ಹಣೆಬರಹ ಅನ್ನುವುದನ್ನೂ ನಾನು ಒಪ್ಪಲ್ಲ. 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ಮುಳುಗಿ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಕೊಟ್ಟಿದೆ, ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು. ಇಷ್ಟು ಮಕ್ಕಳ ಹಣೆಯಲ್ಲೂ ಒಂದೇ ಬರಹ ಇರುತ್ತಾ?

ನಿಮ್ಮ ಹೊಂಡದ ದಡದಲ್ಲಿ ನಿಂತು ನೋಡಿ. ಕಡಿದಾದ ಇಳಿಜಾರು, ನೀರು ಇಂಗದಿರಲಿ ಅಂತ ಹಾಸಿದ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಪಾಚಿ. ಕೈ ಊರಿದಲ್ಲೆಲ್ಲ ಜಾರುತ್ತದೆ, ಈಜು ಬರುವ ದೊಡ್ಡವರಿಗೂ ಹತ್ತಿ ಬರುವುದು ಕಷ್ಟ. ಅದಕ್ಕೇ ಇವತ್ತೇ ಒಂದು ದಪ್ಪ ಹಗ್ಗಕ್ಕೆ ಮೊಳಕ್ಕೊಂದು ಗಂಟು ಹಾಕಿ, ದಡದಲ್ಲಿ ಗಟ್ಟಿ ಗೂಟ ಬಡಿದು ಕಟ್ಟಿ, ಇನ್ನೊಂದು ತುದಿ ನೀರಿಗೆ ಬಿಡಿ. ಗಾಳಿ ತುಂಬಿದ ಹಳೇ ಟ್ಯೂಬ್ ಒಂದನ್ನು ಪಕ್ಕದಲ್ಲೇ ಇಡಿ.

ಆದರೆ ನಾಲ್ಕು ವರ್ಷದ ಮಗುವಿಗೆ ಹಗ್ಗ ಹಿಡಿಯಲು ಬರಲ್ಲ ಅಲ್ವಾ, ಅದಕ್ಕೆ ಬೇಲಿಯೇ ಬೇಕು. ನಾಲ್ಕೂ ಕಡೆ. 2014ರಲ್ಲಿ ಶುರುವಾದ ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡದ ಜೊತೆ ತಂತಿ ಬೇಲಿಗೂ ಸಹಾಯಧನ ಉಂಟು, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ನನ್ನನ್ನು ಕೇಳಿದರೆ ಬೇಲಿ ಆಗುವ ತನಕ ಹೊಂಡದ ಬಿಲ್ಲೇ ಪಾಸ್ ಮಾಡಬಾರದು.

ಬೇಲಿಯಷ್ಟೇ ಮುಖ್ಯವಾದದ್ದು, ಹೊಲದ ಕೆಲಸದ ಹೊತ್ತಿನಲ್ಲಿ ಮಗುವನ್ನು ನೋಡಿಕೊಳ್ಳುವವರು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಪುಟ್ಟ ಮಕ್ಕಳನ್ನು ಒಂದು ಕಡೆ ಕೂಡಿಸಿ ನೋಡಿಕೊಂಡರು, ಮುಳುಗಿ ಸಾಯುವ ಮಕ್ಕಳು ತುಂಬಾ ಕಡಿಮೆಯಾದರು. ನಮ್ಮಲ್ಲೂ ಮೂರು ವರ್ಷದೊಳಗಿನವರಿಗೆ ಗ್ರಾಮ ಪಂಚಾಯಿತಿಯ ಶಿಶುಪಾಲನಾ ಕೇಂದ್ರವಾದ ಕೂಸಿನ ಮನೆ, ಅದಕ್ಕಿಂತ ದೊಡ್ಡವರಿಗೆ ಅಂಗನವಾಡಿ ಇದೆ. ಆದರೆ ಏಳಕ್ಕೇ ಹೊಲಕ್ಕೆ ಹೊರಡುವ ತಾಯಿಗೆ ಹತ್ತಕ್ಕೆ ಬಾಗಿಲು ತೆಗೆದರೆ ಏನು ಉಪಯೋಗ? ಕಳೆ, ಕಟಾವಿನ ದಿನಗಳಲ್ಲಿ ಬೇಗ ತೆಗೆಯಿರಿ ಅಂತ ಗ್ರಾಮಸಭೆಯಲ್ಲಿ ನಾಲ್ಕು ಜನ ಹೆಂಗಸರು ಸೇರಿ ಕೇಳಿ, ನಡಾವಳಿಯಲ್ಲಿ ಬರೆಸಿ.

ಇನ್ನೊಂದು ಮಾತು. ಯಾರಾದರೂ ಬಿದ್ದರೆ ಈಜು ಬಾರದವರು ಹಾರಬೇಡಿ, ಸೀರೆ, ಹಗ್ಗ, ಕೋಲು ಕೊಟ್ಟು ಎಳೆಯಿರಿ. ಹೊರತೆಗೆದ ಮಗುವನ್ನು ತಲೆಕೆಳಗು ಮಾಡಿ ಗಿರಗಿರ ತಿರುಗಿಸಬೇಡಿ, ಅದರಲ್ಲಿ ಅಮೂಲ್ಯ ನಿಮಿಷಗಳು ಹೋಗುತ್ತವೆ. ಅಂಗಾತ ಮಲಗಿಸಿ, ಉಸಿರಿಲ್ಲದಿದ್ದರೆ ತಕ್ಷಣ ಬಾಯಿಂದ ಉಸಿರು ಕೊಡಿ, ಎದೆ ಒತ್ತಿ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.