ಸೋತವರ ಕತೆ ಯಾಕೆ?

ಪತ್ರ: ಉತ್ತರ ಅರೇಬಿಯಾದ ಹಾಯಿಲ್ ಊರನ್ನು ಆಳಿದ ರಶೀದ್ ಮನೆತನಕ್ಕೆ ಕಳೆದ ಸಂಚಿಕೆಯಲ್ಲಿ ಅಷ್ಟೊಂದು ಜಾಗ ಯಾಕೆ ಕೊಟ್ಟಿರಿ? ಅವರು ತುರ್ಕರ ಕೈಗೊಂಬೆಗಳು. ಅರೇಬಿಯಾ ಕಟ್ಟಿದವರು ಸೌದ್ ಮನೆತನದವರು.
- ಮಂಗಳೂರಿನ ಓದುಗರು, ಸದ್ಯ ರಿಯಾದ್

ಉತ್ತರ: ಅಷ್ಟು ದೂರದಲ್ಲಿದ್ದೂ ಪತ್ರಿಕೆ ಓದಿ ಜಗಳಕ್ಕೆ ಬರುತ್ತೀರಲ್ಲ, ಅದೇ ಖುಷಿ. ಸೌದ್ ಮನೆತನದ ಅಬ್ದುಲ್ ಅಜೀಜ್ ಗಟ್ಟಿಗ, ಒಪ್ಪಿದೆ. 1902ರಲ್ಲಿ ಬೆರಳೆಣಿಕೆಯ ಜನರೊಂದಿಗೆ ಮಸ್ಮಕ್ ಕೋಟೆಗೆ ನುಗ್ಗಿ ರಿಯಾದ್ ಗೆದ್ದದ್ದು ಸಣ್ಣ ಮಾತಲ್ಲ.

ಆದರೆ ಆ ಕೋಟೆ ಅದುವರೆಗೆ ಯಾರ ಕೈಯಲ್ಲಿತ್ತು ಹೇಳಿ? 1891ರಲ್ಲಿ ಮುಲೈದಾ ಯುದ್ಧ ಗೆದ್ದು, ಸೌದ್ ಮನೆತನವನ್ನು ಊರು ಬಿಡಿಸಿದವನು ಹಾಯಿಲ್‌ನ ಮುಹಮ್ಮದ್ ಬಿನ್ ರಶೀದ್. ಇರಾಕ್ ಕಡೆಯಿಂದ ಬರುವ ಹಜ್ ಯಾತ್ರಿಕರ ಸಾಲು ಅವನ ಊರಿನ ಮೇಲೇ ಹಾದುಹೋಗುತ್ತಿತ್ತು. ಆ ದಾರಿಯನ್ನು ಕಾಯುವುದೂ ರಾಜ್ಯ ಕಟ್ಟುವ ಕೆಲಸವೇ ಅಲ್ವಾ? 1879ರಲ್ಲಿ ಇಂಗ್ಲೆಂಡಿನ ಪ್ರವಾಸಿ ಆನ್ ಬ್ಲಂಟ್ ಮರಳುಗಾಡು ದಾಟಿ ಹೋಗಿ ಅವನ ಕುದುರೆ ಲಾಯ ನೋಡಿದ್ದರು.

ಇನ್ನು ಕೈಗೊಂಬೆ ಮಾತು. ರಶೀದರಿಗೆ ತುರ್ಕರ ಸೈನಿಕರು ಬಂದದ್ದು ನಿಜ. 1915ರಲ್ಲಿ ಬ್ರಿಟಿಷರೊಂದಿಗೆ ಒಪ್ಪಂದ ಮಾಡಿಕೊಂಡು ಹಣ, ಬಂದೂಕು ಪಡೆದವರು ಯಾರು? ಒಬ್ಬರದು ಜಾಣತನ, ಇನ್ನೊಬ್ಬರದು ಗುಲಾಮಗಿರಿ ಅನ್ನುವುದು ನ್ಯಾಯವಲ್ಲ. ರಶೀದರನ್ನು ಹಾಳು ಮಾಡಿದ್ದು ಮನೆಯೊಳಗಿನ ಕೊಲೆಗಳು. 1920ರಲ್ಲಿ ಹಾಯಿಲ್ ಆಳುತ್ತಿದ್ದ ಅಮೀರ ಸೌದ್ ಬಿನ್ ರಶೀದನನ್ನು ದಾಯಾದಿಯೇ ಕೊಂದ. ಮರುವರ್ಷ ಅಬ್ದುಲ್ ಅಜೀಜನ ಮುತ್ತಿಗೆಗೆ ಸಿಕ್ಕಿದ ಹಾಯಿಲ್ ಶರಣಾಯಿತು. ಸತ್ತವನ ವಿಧವೆ ಫಹ್ದಾಳನ್ನು ಗೆದ್ದ ಅಬ್ದುಲ್ ಅಜೀಜನೇ ಮದುವೆಯಾದ. ಅವಳ ಮಗ ಅಬ್ದುಲ್ಲಾ 2005ರಿಂದ 2015ರವರೆಗೆ ಸೌದಿಯ ದೊರೆ. ಗೆದ್ದವರ ಮನೆಯೊಳಗೇ ಸೋತವರ ನಂಟಿದೆ ನೋಡಿ.

ಮಸ್ಮಕ್ ಬಾಗಿಲಿಗೆ ಅಂದು ನಾಟಿದ ಈಟಿಯ ಮೊನೆಯನ್ನು ಇವತ್ತಿಗೂ ಜನರಿಗೆ ತೋರಿಸುತ್ತಾರೆ. ರಶೀದರ ಬರ್ಜಾನ್ ಅರಮನೆಯನ್ನೋ, ಊರು ಗೆದ್ದ ಮೇಲೆ ಕೆಡವಿಹಾಕಿದರು. ಕಣ್ಣಿಗೆ ಕಾಣುವುದಷ್ಟೇ ಇತಿಹಾಸ ಅಂದುಕೊಂಡರೆ ಹಾಯಿಲ್‌ನವರು ಇದ್ದೇ ಇರಲಿಲ್ಲ ಅನ್ನಿಸುತ್ತದೆ.

ನಿಮ್ಮೊಬ್ಬರ ತಪ್ಪಲ್ಲ ಬಿಡಿ. ನಮ್ಮ ಶಾಲೆಗಳಲ್ಲಿ ಯುದ್ಧ ಅಂದರೆ ಒಂದು ಇಸವಿ, ಗೆದ್ದವನ ಹೆಸರು, ಎರಡು ಅಂಕ. ಸೋತ ಊರಿನ ಸಂತೆ ಏನಾಯಿತು, ಹೆಂಗಸರು ಎಲ್ಲಿಗೆ ಹೋದರು ಅಂತ ಮಗು ಕೇಳಿದರೆ, ಸುಮ್ನೆ ಕೂತ್ಕೋ, ಪರೀಕ್ಷೆಗೆ ಬರಲ್ಲ ಅನ್ನುತ್ತೇವೆ. ಇದು ನನಗೆ ನಿಜಕ್ಕೂ ಸಂಕಟ ತರುತ್ತದೆ.

ಈಗ ರಿಯಾದ್‌ನಿಂದ ಹಾಯಿಲ್‌ಗೆ ರೈಲಿದೆ. ರಜೆಯಲ್ಲಿ ಒಮ್ಮೆ ಹೋಗಿ, ಅಲ್ಲಿನ ಹಿರಿಯರನ್ನು ಮಾತಾಡಿಸಿ ಬನ್ನಿ. ಕೇಳಿದ್ದನ್ನು ಬರೆದು ಕಳಿಸಿ, ನನ್ನ ಮಾತಿಗೆ ವಿರುದ್ಧವಿದ್ದರೂ ಅಚ್ಚು ಹಾಕುತ್ತೇವೆ.
- ಸಂ.