ಒಂದೇ ಚಿತ್ರವನ್ನು ಅರ್ಧ ಮಂದಿ ಮೆಚ್ಚಿ, ಉಳಿದರ್ಧ ಮಂದಿ ಎದ್ದುಹೋದರೆ ಯಾರನ್ನು ನಂಬಬೇಕು?

ನಿಧಾನಗತಿಯ, ಕೆಣಕುವಂಥ ಚಿತ್ರವೊಂದಕ್ಕೆ ನೀವು ಕರೆದುಕೊಂಡು ಹೋದ ಗೆಳೆಯರಲ್ಲಿ ಅರ್ಧದಷ್ಟು ಮಂದಿ ನಡುವೆಯೇ ಎದ್ದು ಹೊರಟರು, ಉಳಿದವರು ಕೊನೆಯವರೆಗೆ ಕುಳಿತು ‘ಅದ್ಭುತ’ ಎಂದರು. ಇವರಲ್ಲಿ ಯಾರದು ನಟನೆ, ಮುಂದಿನ ಸಲ ಇಂಥ ಚಿತ್ರಕ್ಕೆ ಜನರನ್ನು ಹೇಗೆ ಸಿದ್ಧಪಡಿಸಬೇಕು ಎಂದು ಕೇಳಿದ್ದೀರಿ. ಜನರನ್ನು ಸಿದ್ಧಪಡಿಸಲು ಹೋಗಿಯೇ ನಾನು ಒಂದು ಒಳ್ಳೆಯ ಗುಂಪನ್ನೂ ಒಬ್ಬ ಒಳ್ಳೆಯ ಗೆಳತಿಯನ್ನೂ ಕಳೆದುಕೊಂಡೆ. ಆದ್ದರಿಂದ ನಿಮ್ಮ ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ.

ನಾವು ಕೆಲವರು ಸೇರಿ ಒಂದು ಪುಟ್ಟ ಫಿಲ್ಮ್ ಸೊಸೈಟಿ ನಡೆಸುತ್ತಿದ್ದೆವು. ಚಿತ್ರ ಆರಂಭವಾಗುವ ಮುನ್ನ ನಾಲ್ಕು ಮಾತು ಆಡುವ ಕೆಲಸ ನನ್ನ ಪಾಲಿಗೆ ಬಂದಿತ್ತು, ಮತ್ತು ನಾನು ಅದನ್ನು ಬಹಳ ಇಷ್ಟಪಟ್ಟು ಮಾಡುತ್ತಿದ್ದೆ. ಒಮ್ಮೆ ಶಾಂತಾಲ್ ಅಕರ್‌ಮನ್ 1975ರಲ್ಲಿ ನಿರ್ದೇಶಿಸಿದ ‘ಝಾನ್ ಡೀಲ್ಮನ್’ ಚಿತ್ರವನ್ನು ತೋರಿಸಿದೆವು. ಅದರ ಅವಧಿ 201 ನಿಮಿಷ. ಬ್ರಸೆಲ್ಸ್ ನಗರದಲ್ಲಿ ಹದಿಹರೆಯದ ಮಗನೊಂದಿಗೆ ಬದುಕುವ ವಿಧವೆಯೊಬ್ಬಳ ಮೂರು ದಿನಗಳನ್ನು ಚಿತ್ರ ಹಿಂಬಾಲಿಸುತ್ತದೆ: ಅವಳು ಹಾಸಿಗೆ ಮಡಚುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ಆಲೂಗಡ್ಡೆ ಸುಲಿಯುತ್ತಾಳೆ, ಮಧ್ಯಾಹ್ನದ ಹೊತ್ತು ಮನೆಗೆ ಬರುವ ಗಂಡಸರಿಂದ ಹಣ ಪಡೆದು ಊಟದ ಮೇಜಿನ ಮೇಲಿನ ಪಿಂಗಾಣಿ ಪಾತ್ರೆಯೊಳಗೆ ಹಾಕಿ ಮುಚ್ಚಳ ಮುಚ್ಚುತ್ತಾಳೆ. ಕ್ಯಾಮೆರಾ ನಿಂತಲ್ಲೇ ನಿಂತಿರುತ್ತದೆ, ಹಿನ್ನೆಲೆ ಸಂಗೀತ ಇಲ್ಲವೇ ಇಲ್ಲ. ಮೂರನೆಯ ದಿನ ಏನಾಗುತ್ತದೆ ಎಂಬುದನ್ನು ನಾನಿಲ್ಲಿ ಹೇಳುವುದಿಲ್ಲ. ಏಕೆಂದು ಓದುತ್ತ ಹೋದಂತೆ ನಿಮಗೇ ತಿಳಿಯುತ್ತದೆ.

ಜನ ಬೇಸರಪಟ್ಟು ಹೋಗಿಬಿಡುತ್ತಾರೆ ಎಂಬ ಭಯದಿಂದ ನಾನು ಪರದೆಯ ಮುಂದೆ ನಿಂತು, ‘ಮೊದಲ ಮೂರು ಗಂಟೆ ತಾಳ್ಮೆಯಿಂದ ಕುಳಿತಿರಿ, ಕೊನೆಗೆ ನಿಮ್ಮನ್ನು ಬೆಚ್ಚಿಬೀಳಿಸುವ ಘಟನೆಯೊಂದು ಕಾದಿದೆ’ ಎಂದುಬಿಟ್ಟೆ. ನನ್ನ ತಪ್ಪು ಅದೊಂದೇ ವಾಕ್ಯ. ಚಿತ್ರದ ಹೆಚ್ಚಿನ ಭಾಗ ಸಹಿಸಿಕೊಳ್ಳಬೇಕಾದದ್ದು, ಕೊನೆಯ ಕೆಲವು ನಿಮಿಷ ಮಾತ್ರ ನೋಡಬೇಕಾದದ್ದು ಎಂದು ನಾನೇ ಭಾಗ ಮಾಡಿ ಕೊಟ್ಟಂತಾಯಿತು. ಅಲ್ಲಿ ಕುಳಿತಿದ್ದವರೆಲ್ಲ ಆ ಕ್ಷಣದಿಂದ ಪ್ರೇಕ್ಷಕರಾಗಿರಲಿಲ್ಲ, ಬಸ್ಸಿಗೆ ಕಾಯುವವರಾಗಿದ್ದರು.

ಇದು ಎಷ್ಟು ದೊಡ್ಡ ಹಾನಿ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಆ ಚಿತ್ರದ ಮೊದಲ ದಿನ ನಮಗೆ ಒಂದು ಕ್ರಮವನ್ನು ಕಲಿಸುತ್ತದೆ. ಯಾವ ಕೆಲಸದ ನಂತರ ಯಾವುದು, ಕೋಣೆಯಿಂದ ಹೊರಬರುವಾಗ ದೀಪ ಆರಿಸುವುದು, ಮುಚ್ಚಳ ಮುಚ್ಚುವುದು, ಇವೆಲ್ಲ ನೋಡುವವನ ಕಣ್ಣಿಗೆ ಅಭ್ಯಾಸವಾಗುವಷ್ಟು ಹೊತ್ತು ಪರದೆಯ ಮೇಲಿರುತ್ತವೆ. ಆ ಹೊತ್ತು ಸುಮ್ಮನೆ ಎಳೆದದ್ದಲ್ಲ, ಅದು ಕಲಿಕೆಗೆ ಬೇಕಾದ ಹೊತ್ತು. ಎರಡನೆಯ ದಿನ ಆ ಕ್ರಮ ಕೂದಲೆಳೆಯಷ್ಟು ತಪ್ಪುತ್ತದೆ. ಪಿಂಗಾಣಿ ಪಾತ್ರೆಯ ಮುಚ್ಚಳ ತೆರೆದೇ ಉಳಿಯುತ್ತದೆ, ಅವಳ ಕೂದಲು ಕೆದರಿರುತ್ತದೆ, ಒಲೆಯ ಮೇಲಿಟ್ಟ ಆಲೂಗಡ್ಡೆ ಅತಿಯಾಗಿ ಬೆಂದುಹೋಗುತ್ತದೆ. ಆ ಪಾತ್ರೆಯನ್ನು ಹಿಡಿದುಕೊಂಡು, ಅದನ್ನು ಏನು ಮಾಡಬೇಕೆಂದು ತೋಚದೆ, ಅವಳು ಮನೆಯೊಳಗೆ ಅತ್ತಿಂದಿತ್ತ ನಡೆಯುತ್ತಾಳೆ. ಮೊದಲ ದಿನವನ್ನು ನಿಜವಾಗಿ ನೋಡಿದವರಿಗೆ ಇದು ಕುರ್ಚಿಯ ತುದಿಗೆ ತಂದು ಕೂರಿಸುವ ದೃಶ್ಯ. ಕೊನೆಯ ಘಟನೆಗಾಗಿ ಕಾಯುತ್ತಿದ್ದವರಿಗೋ ಅದು ಇನ್ನೊಂದು ಅಡುಗೆಮನೆಯ ದೃಶ್ಯ, ಅಷ್ಟೆ. ನಮ್ಮ ಸಭೆಯಲ್ಲಿ ಆ ಹೊತ್ತಿಗೆ ಅಲ್ಲಲ್ಲಿ ಮೊಬೈಲುಗಳ ಬೆಳಕು ಕಾಣುತ್ತಿತ್ತು. ನನ್ನ ಗೆಳತಿ ಎದ್ದು ಹೊರಗೆ ಹೋದದ್ದೂ ಅದೇ ದೃಶ್ಯದ ನಡುವೆ.

ಚಿತ್ರ ಮುಗಿದ ಮೇಲೆ ಚರ್ಚೆ ನಡೆಯಿತು. ನಿಮ್ಮ ಗೆಳೆಯರಂತೆಯೇ ಎರಡು ಪಕ್ಷಗಳಾದವು. ಮೆಚ್ಚಿದವರಲ್ಲೊಬ್ಬರು ಆ ಕೊನೆಯ ದೃಶ್ಯಕ್ಕಾಗಿ ಎಷ್ಟು ಹೊತ್ತು ಬೇಕಾದರೂ ಕೂರಬಹುದು ಎಂದರು; ಮುನಿದವರಲ್ಲೊಬ್ಬರು ಅದೊಂದು ದೃಶ್ಯಕ್ಕಾಗಿ ಇಷ್ಟು ಹೊತ್ತು ಕೂರಿಸಿದಿರಾ ಎಂದು ನನ್ನ ಮೇಲೆ ಹರಿಹಾಯ್ದರು. ಗಮನಿಸಿ, ಇಬ್ಬರ ಲೆಕ್ಕವೂ ಒಂದೇ, ಬಂದ ಮೊತ್ತ ಮಾತ್ರ ಬೇರೆ. ಅವರು ಅಳೆಯುತ್ತಿದ್ದುದು ನನ್ನ ಭರವಸೆಯನ್ನು, ಅಕರ್‌ಮನ್ ಅವರ ಚಿತ್ರವನ್ನಲ್ಲ. ಅದು ಆಗ ನನಗೆ ಹೊಳೆಯಲಿಲ್ಲ. ಹೊಳೆಯದಿದ್ದುದಷ್ಟೇ ಅಲ್ಲದೆ, ಎದ್ದುಹೋದವರೆಲ್ಲ ಹಾಡು, ಹೊಡೆದಾಟಗಳ ವೇಗಕ್ಕೆ ಒಗ್ಗಿಹೋದವರು, ಅವರಿಗೆ ತಾಳ್ಮೆಯೆಂಬುದಿಲ್ಲ ಎಂದು ಮೈಕಿನಲ್ಲೇ ಹೇಳಿದೆ. ಆ ಮಾತು ಗೆಳತಿಯ ಕಿವಿಗೆ ಬಿತ್ತು. ಅವರು ಬರುವುದನ್ನು ನಿಲ್ಲಿಸಿದರು. ಅವರೊಂದಿಗೆ ಬರುತ್ತಿದ್ದವರೂ ಒಬ್ಬೊಬ್ಬರಾಗಿ ನಿಂತರು, ಕೊನೆಗೆ ಸೊಸೈಟಿಯೇ ನಿಂತಿತು.

ಬಹಳ ಕಾಲದ ನಂತರ ಎದುರಾದಾಗ ಅವರು ಹೇಳಿದ್ದು ಇಷ್ಟು: ಮುಚ್ಚಳ ತೆರೆದೇ ಉಳಿದಾಗಲೇ ಈ ಹೆಂಗಸಿಗೆ ಏನೋ ಆಗುತ್ತಿದೆ ಎಂದು ಅವರಿಗೆ ಅನ್ನಿಸಿತ್ತು, ಪಾತ್ರೆ ಹಿಡಿದು ಅಲೆಯುವುದನ್ನು ಕಂಡಾಗ ಉಸಿರು ಕಟ್ಟಿದಂತಾಗಿ ಕೂರಲಾಗಲಿಲ್ಲ. ಕೊನೆಯವರೆಗೆ ಕುಳಿತವರಲ್ಲಿ ಆ ಮುಚ್ಚಳದ ಮಾತನ್ನು ಆ ದಿನ ಒಬ್ಬರೂ ಎತ್ತಿರಲಿಲ್ಲ. ನಮ್ಮ ಸಭೆಯಲ್ಲಿ ಆ ಚಿತ್ರವನ್ನು ಅತ್ಯಂತ ಚೆನ್ನಾಗಿ ನೋಡಿದವರು ಎದ್ದುಹೋದವರ ಪಟ್ಟಿಯಲ್ಲಿದ್ದರು.

ಆದ್ದರಿಂದ ‘ಯಾರದು ನಟನೆ’ ಎಂಬ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ನಟಿಸುವವರು ಎರಡೂ ಕಡೆ ಇರುತ್ತಾರೆ. ಸದ್ದು ಮಾಡುತ್ತ ಎದ್ದುಹೋಗುವುದೂ ಒಂದು ಪ್ರದರ್ಶನವೇ. ಕುಳಿತವರು ರಸಿಕರು, ಎದ್ದವರು ಅರಸಿಕರು ಎಂಬ ವಿಂಗಡಣೆಯಾಗಲಿ, ಕುಳಿತವರು ಆಷಾಢಭೂತಿಗಳು, ಎದ್ದವರು ಪ್ರಾಮಾಣಿಕರು ಎಂಬ ವಿಂಗಡಣೆಯಾಗಲಿ ನಿಮಗೆ ಚಿತ್ರದ ಬಗ್ಗೆ ಏನನ್ನೂ ತಿಳಿಸುವುದಿಲ್ಲ. ನನ್ನ ಅನುಭವದಲ್ಲಿ ಇಂಥ ಚಿತ್ರಗಳು ಎರಡು ಬಗೆಯಲ್ಲಿ ಕೆಣಕುತ್ತವೆ. ಒಂದು, ಬೆತ್ತಲೆ ಅಥವಾ ಹಿಂಸೆ ತೋರಿಸಿ. ಇನ್ನೊಂದು, ನಮ್ಮ ಸಮಯವನ್ನು ನಮ್ಮನ್ನು ಕೇಳದೆ ತೆಗೆದುಕೊಂಡು. ಬೇಸರವಾಯಿತೆಂದು ಹೇಳಿಕೊಳ್ಳಲು ನಾಚುವವರು ಅಶ್ಲೀಲವೆಂದು ದೂರುತ್ತಾರೆ, ಆ ಒಂದು ದೃಶ್ಯವೇ ಹಿಡಿಸಿತೆಂದು ಹೇಳಿಕೊಳ್ಳಲು ನಾಚುವವರು ನಿಧಾನಗತಿಯ ಸೌಂದರ್ಯವನ್ನು ಹೊಗಳುತ್ತಾರೆ. ಜಗಳ ಬಹುಮಟ್ಟಿಗೆ ಈ ಎರಡು ಸುಳ್ಳುಗಳ ನಡುವೆ ನಡೆಯುತ್ತದೆ.

ನುರಿತ ಪ್ರೇಕ್ಷಕರೂ ಇದಕ್ಕೆ ಹೊರತಲ್ಲ. ಇಟಲಿಯ ನಿರ್ದೇಶಕ ಆಂಟೋನಿಯೋನಿ ಅವರ ‘ಲಾವೆಂತೂರಾ’ 1960ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಾಗ ಸಭೆ ಗೇಲಿ ಮಾಡಿ ಕೂಗಿತು. ಒಬ್ಬ ಹೆಣ್ಣು ದ್ವೀಪವೊಂದರಲ್ಲಿ ಕಾಣೆಯಾಗುತ್ತಾಳೆ. ಚಿತ್ರ ಅವಳನ್ನು ಹುಡುಕುವುದನ್ನೇ ಕ್ರಮೇಣ ಮರೆತುಬಿಡುತ್ತದೆ. ಪತ್ತೇದಾರಿಕೆ ನಿರೀಕ್ಷಿಸಿ ಕುಳಿತವರಿಗೆ ಮೋಸವಾದಂತೆ ಅನ್ನಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಮರುದಿನವೇ ಹಲವು ನಿರ್ದೇಶಕರು ಮತ್ತು ವಿಮರ್ಶಕರು ಸಹಿ ಮಾಡಿ ಚಿತ್ರವನ್ನು ಬೆಂಬಲಿಸಿದರು, ಅದಕ್ಕೆ ಅಲ್ಲಿ ಜ್ಯೂರಿ ಪ್ರಶಸ್ತಿಯೂ ಬಂತು, 1962ರಲ್ಲಿ ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಸಿನಿಮಾ ಪತ್ರಿಕೆ ಜಗತ್ತಿನ ಅತ್ಯುತ್ತಮ ಚಿತ್ರಗಳನ್ನು ಆರಿಸಲು ನಡೆಸಿದ ವಿಮರ್ಶಕರ ಮತಗಣನೆಯಲ್ಲಿ ಅದು ಎರಡನೆಯ ಸ್ಥಾನದಲ್ಲಿತ್ತು. ಇದನ್ನು ‘ಕೂಗಿದವರು ದಡ್ಡರು’ ಎಂಬುದಕ್ಕೆ ಸಾಕ್ಷಿಯಾಗಿ ಬಳಸುವುದು ವಾಡಿಕೆ. ನನಗೆ ಕಾಣುವುದು ಬೇರೆ: ಎರಡು ವರ್ಷದ ನಂತರ ನೋಡಿದವರಿಗೆ ಅವಳು ಸಿಗುವುದಿಲ್ಲವೆಂದು ಮೊದಲೇ ಗೊತ್ತಿತ್ತು. ಅದೇ ಪತ್ರಿಕೆಯ 2022ರ ಮತಗಣನೆಯಲ್ಲಿ ‘ಝಾನ್ ಡೀಲ್ಮನ್’ ಮೊದಲ ಸ್ಥಾನಕ್ಕೆ ಬಂದಾಗ ಅದು ಆ ಚಿತ್ರಕ್ಕೆ ಆದ ಉಪಕಾರ ಎಂದು ನನಗೆ ಅನ್ನಿಸಲಿಲ್ಲ. ಜಗತ್ತಿನ ಅತ್ಯುತ್ತಮ ಚಿತ್ರ ಎಂದು ಕೇಳಿ ಬಂದು ಕುಳಿತವನು ಆಲೂಗಡ್ಡೆ ಸುಲಿಯುವುದನ್ನು ಎಂಥ ಕಣ್ಣಿನಿಂದ ನೋಡಿಯಾನು? ಅಮೆರಿಕದಲ್ಲಿ ಬಿಡುಗಡೆಯ ರಾತ್ರಿಯೇ ಪ್ರೇಕ್ಷಕರಿಂದ ಅಂಕ ಪಡೆಯುವ ‘ಸಿನಿಮಾಸ್ಕೋರ್’ ಸಮೀಕ್ಷೆಯಲ್ಲಿ 2017ರ ‘ಮದರ್!’ ಚಿತ್ರಕ್ಕೆ ತೀರಾ ಕೆಳಗಿನ ಎಫ್ ದರ್ಜೆ ಸಿಕ್ಕಿತು. ದೊಡ್ಡ ತಾರೆಯಿರುವ ಭಯಾನಕ ಚಿತ್ರವೆಂದು ಜಾಹೀರಾತು ನಂಬಿ ಟಿಕೆಟು ಕೊಂಡವರಿಗೆ ಸಿಕ್ಕಿದ್ದು ಬೈಬಲ್ ಕಥೆಗಳ ಉಗ್ರ ರೂಪಕ. ಅವರ ಕೋಪ ನ್ಯಾಯವಾದದ್ದೇ.

ಇಷ್ಟೆಲ್ಲ ಹೇಳಿದ ಮೇಲೂ, ನಿಧಾನವಾಗಿರುವ ಚಿತ್ರವೆಲ್ಲ ಆಳವಾದದ್ದು ಎಂದು ನಾನು ವಾದಿಸುತ್ತಿಲ್ಲ. ಕತ್ತರಿ ಹಾಕಲು ಧೈರ್ಯವಿಲ್ಲದ ನಿರ್ದೇಶಕರ ಚಿತ್ರಗಳನ್ನೂ ಸಾಕಷ್ಟು ನೋಡಿದ್ದೇನೆ. ಅಂಥಲ್ಲಿ ದೃಶ್ಯವನ್ನು ಅರ್ಧಕ್ಕೆ ಇಳಿಸಿದರೂ ಏನೂ ಕಳೆದುಹೋಗುವುದಿಲ್ಲ.

ಮುಂದಿನ ಸಲ ಜನರಿಗೆ ಏನು ಹೇಳಬೇಕೆಂದರೆ, ಚಿತ್ರ ಎಷ್ಟು ಹೊತ್ತಿನದು, ಕೆಲವರಿಗೆ ನೋಡಲಾಗದಂಥ ಹಿಂಸೆಯೋ ಲೈಂಗಿಕ ದೃಶ್ಯವೋ ಇದೆಯೇ, ಬೇಡವೆನಿಸಿದರೆ ಯಾವ ಬಾಗಿಲಿನಿಂದ ಸದ್ದಿಲ್ಲದೆ ಹೊರಗೆ ಹೋಗಬಹುದು, ಇಷ್ಟನ್ನು ಹೇಳಿ ಕುಳಿತುಕೊಳ್ಳಿ. ಅಂಥ ದೃಶ್ಯ ಇದೆಯೆಂದು ತಿಳಿಸುವುದಕ್ಕೂ ಅದಕ್ಕಾಗಿ ಕಾಯಿರಿ ಎನ್ನುವುದಕ್ಕೂ ಅಜಗಜಾಂತರವಿದೆ. ಮೇರುಕೃತಿ ಎನ್ನಬೇಡಿ, ಪ್ರಶಸ್ತಿಗಳ ಹೆಸರು ಹೇಳಬೇಡಿ, ತಾಳ್ಮೆಯ ಮಾತನ್ನಂತೂ ಎತ್ತಲೇಬೇಡಿ. ಚಿತ್ರ ಮುಗಿದ ಕೂಡಲೇ ಚರ್ಚೆ ಇಡುವುದೂ ನನಗೆ ಸರಿಕಾಣುವುದಿಲ್ಲ, ಏಕೆಂದರೆ ಆ ಹೊತ್ತಿನಲ್ಲಿ ಜನ ಪಕ್ಷ ಆರಿಸಿಕೊಳ್ಳುತ್ತಾರೆಯೇ ಹೊರತು ಯೋಚಿಸುವುದಿಲ್ಲ.

ಈಗಾಗಲೇ ಎದ್ದುಹೋಗಿರುವ ನಿಮ್ಮ ಗೆಳೆಯರನ್ನು ‘ಹೇಗಿತ್ತು’ ಎಂದು ಕೇಳದೆ, ಯಾವ ದೃಶ್ಯದಲ್ಲಿ ಎದ್ದಿರಿ, ಅದಕ್ಕೆ ಮುಂಚೆ ಪರದೆಯ ಮೇಲೆ ಏನಿತ್ತು ಎಂದು ಕೇಳಿ. ಕುಳಿತವರನ್ನೂ ಕೊನೆಯ ಭಾಗ ಬಿಟ್ಟು ಬೇರೆ ಏನು ನೆನಪಿದೆ ಎಂದು ಕೇಳಿ. ಅವರು ತೋರಿಸಿದ ಜಾಗಗಳನ್ನು ನೀವೊಬ್ಬರೇ ಕುಳಿತು ಇನ್ನೊಮ್ಮೆ ನೋಡಿ. ಎದ್ದವರು ಹೇಳಿದ ಜಾಗದಲ್ಲಿ ನಿಮಗೂ ಏನೂ ಕಾಣದಿದ್ದರೆ, ಅವರು ನಿಮಗಿಂತ ಮೊದಲೇ ಸರಿಯಾಗಿ ತೀರ್ಮಾನಿಸಿದ್ದರು ಎಂದು ಒಪ್ಪಿಕೊಳ್ಳಲು ಹಿಂಜರಿಯಬೇಡಿ.